ಅಗ್ಗದ ಮೆಂಬ್ರೇನ್ ನಿಜವಾಗ್ಲೂ ಅಗ್ಗ ಆಗೋದು ಯಾವಾಗ? ಓದುಗರ ಪ್ರಶ್ನೆ, ಮಾಸ್ತರ ಉತ್ತರ

ಹೋದ ಸಂಚಿಕೆಯಲ್ಲಿ ಫ್ಯೂಯಲ್ ಸೆಲ್ ಬಗ್ಗೆ ಒಂದು ಪುಟ ಬರ್ದಿದ್ದೆ. ಒಂದ್ ಕಡೆ ಹೈಡ್ರೋಜನ್, ಇನ್ನೊಂದ್ ಕಡೆ ಗಾಳಿ, ಮಧ್ಯ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಹೊರಗೆ ಬರೋದು ಕರೆಂಟು ಮತ್ತು ನೀರು ಅಂತ. ಆ ಹಾಳೆಗೆ ಪ್ರೋಟಾನ್ ಎಕ್ಸ್‌ಚೇಂಜ್ ಮೆಂಬ್ರೇನ್ ಅಂತಾರೆ, ಅದು ಭಾರೀ ತುಟ್ಟಿ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೇ ಸೇರಿಸಿದ್ದು, ಈ ಸಲ ಬಂದ ಪತ್ರ, ವಾಟ್ಸಾಪು ಎಲ್ಲಾ ಅದ್ರ ಮೇಲೇ. ಹಂಗಾಗಿ ಈ ಸಂಚಿಕೆ ಪೂರ್ತಿ ಮೆಂಬ್ರೇನಿಗೇ ಕೊಡ್ತಿದ್ದೇನೆ, ಬೇರೆ ಪ್ರಶ್ನೆ ಕೇಳಿದವ್ರು ಒಂದ್ ತಿಂಗಳು ತಡ್ಕೊಳ್ಳಿ.

ಪ್ರಶ್ನೆ: ಮಾಸ್ತರ್ರೇ, ಒಂದು ಪ್ಲಾಸ್ಟಿಕ್ ಹಾಳೆಗೆ ಅಷ್ಟು ರೇಟ್ ಯಾಕೆ? ಅದ್ರಲ್ಲಿ ಅಂಥದ್ದೇನಿದೆ? (ಅಂಕೋಲಾದಿಂದ ಒಬ್ರು ಹೈಸ್ಕೂಲ್ ಅಧ್ಯಾಪಕಿ)

ಉತ್ತರ: ಅಕ್ಕೋರೇ, ಆ ಹಾಳೆ ಮೂರು ಕೆಲಸ ಒಟ್ಟಿಗೇ ಮಾಡ್ಬೇಕು. ಪ್ರೋಟಾನ್ ಬಿಡ್ಬೇಕು, ಎಲೆಕ್ಟ್ರಾನ್ ಬಿಡ್ಬಾರ್ದು, ಗ್ಯಾಸ್ ಅಂತೂ ಬಿಡ್ಲೇಬಾರ್ದು. ಹೈಡ್ರೋಜನ್ನು ಪ್ಲಾಟಿನಂ ಮೇಲೆ ಒಡೆದಾಗ ಎಲೆಕ್ಟ್ರಾನ್ ತಂತಿ ಹಿಡ್ಕೊಂಡು ಸುತ್ತು ಹಾಕಿ ಬರ್ತದೆ, ಪ್ರೋಟಾನ್ ಮಾತ್ರ ಹಾಳೆಯೊಳಗಿಂದ ದಾಟ್ತದೆ, ಆಚೆ ಕಡೆ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗ್ತದೆ.

ಇವತ್ತಿಗೂ ಎಲ್ರೂ ಹೋಲಿಸಿ ನೋಡೋ ಹಾಳೆ ಅಂದ್ರೆ ನಾಫಿಯಾನ್. 1960ರ ದಶಕದ ಕೊನೆಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲ್ಟರ್ ಗ್ರೋಟ್ ಅನ್ನೋರು ಮಾಡಿದ್ದು. ಬೆನ್ನೆಲುಬು ಟೆಫ್ಲಾನ್, ಅದ್ರಿಂದ ಇಳಿಬಿದ್ದ ಕವಲಿನ ತುದಿಗೆ ಸಲ್ಫೋನಿಕ್ ಆಸಿಡ್. ನೀರು ಸಿಕ್ಕಿದ್ರೆ ಈ ಆಸಿಡ್ ತುದಿಗಳೆಲ್ಲಾ ಒಂದ್ ಕಡೆ ಗುಂಪಾಗಿ ಕೆಲವೇ ನ್ಯಾನೋಮೀಟರ್ ಅಗಲದ ನೀರಿನ ದಾರಿ ಆಗ್ತದೆ, ಪ್ರೋಟಾನು ಅದ್ರಲ್ಲಿ ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ಹಾರ್ತಾ ಹೋಗ್ತದೆ.

ಇದು ಹೆಸರು ಮಾಡಿದ್ದು ಉಪ್ಪುನೀರಲ್ಲಿ. ನಮ್ಮ ಸಾಣಿಕಟ್ಟಾದ ಅಗರದಲ್ಲಿ ರಾಶಿ ಹಾಕ್ತಾರಲ್ಲ, ಅದೇ ಉಪ್ಪಿನ ನೀರಿಗೆ ಕರೆಂಟ್ ಕೊಟ್ಟು ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತೆಗೆಯೋ ಕಾರ್ಖಾನೆಗಳಲ್ಲಿ ಮೊದಲು ಪಾದರಸ ಬಳಸ್ತಿದ್ರು, ಅದ್ರ ವಿಷದ ಕಾಟ ತಪ್ಪಿಸೋಕೆ ಮೆಂಬ್ರೇನ್ ಬಂತು. ಹಾಳೆಯ ಒಂದ್ ಬದಿಗೆ ಕ್ಲೋರಿನ್, ಇನ್ನೊಂದ್ ಬದಿಗೆ ಶೇ. 30ರ ಮೇಲಿನ ಕಾಸ್ಟಿಕ್, ಉಷ್ಣತೆ 80-90 ಡಿಗ್ರಿ, ಅದ್ರಲ್ಲಿ ವರ್ಷಗಟ್ಲೆ ಬದುಕ್ಬೇಕು. ಇಂಗಾಲ-ಫ್ಲೋರಿನ್ ಬಂಧ ಅಷ್ಟು ಗಟ್ಟಿ ಇರೋದಕ್ಕೇ ಅದು ತಡೀತದೆ. ರೇಟು ಬರೋದೂ ಅಲ್ಲಿಂದ್ಲೇ, ಟೆಟ್ರಾಫ್ಲೋರೋಎಥಿಲೀನ್ ಅನ್ನೋ ಸ್ಫೋಟಕ ಸ್ವಭಾವದ ಗ್ಯಾಸ್ ಹಿಡ್ಕೊಂಡು ಹಲವು ಹಂತದ ಕೆಮಿಸ್ಟ್ರಿ ಮಾಡ್ಬೇಕು, ಮಾಡೋ ಕಂಪನಿ ಕೈಬೆರಳೆಣಿಕೆ, ಕೊಳ್ಳೋರೂ ಕಡಿಮೆ.

ಒಂದು ವಿಷಯ ಯಾರೂ ಹೇಳೋದಿಲ್ಲ. ಅಗ್ಗದ ಮೆಂಬ್ರೇನು ತುಟ್ಟಿ ಮೆಂಬ್ರೇನಿಗಿಂತ ಹಳೇದು! ಜನರಲ್ ಎಲೆಕ್ಟ್ರಿಕ್ ಕಂಪನಿಯ ಗ್ರಬ್ ಮತ್ತು ನೀಡ್ರಾಕ್ ಅನ್ನೋರು 1950ರ ದಶಕದಲ್ಲಿ ಇಂಥ ಸೆಲ್ ಮೊದಲು ಮಾಡಿದ್ದು ಸಲ್ಫೋನೇಟ್ ಮಾಡಿದ (ಸಲ್ಫೋನಿಕ್ ಆಸಿಡ್ ಗುಂಪು ಅಂಟಿಸಿದ) ಪಾಲಿಸ್ಟೈರೀನ್ ಜಾತಿಯ ಹಾಳೆಯಲ್ಲಿ, ಅಂದ್ರೆ ಥರ್ಮಾಕೋಲಿನ ಕುಲದ ಪ್ಲಾಸ್ಟಿಕ್. 1965ರಲ್ಲಿ ಜೆಮಿನಿ 5 ಗಗನನೌಕೆಯಲ್ಲಿ ಅದು ಹಾರಿತು ಕೂಡ. ಜೆಮಿನಿಯ ಅತಿ ಉದ್ದದ ಪ್ರಯಾಣ 14 ದಿನ, ಅಷ್ಟಕ್ಕೆ ಸಾಕಾಯ್ತು. ಅದಕ್ಕಿಂತ ಜಾಸ್ತಿ ಬಾಳಿಕೆ ಬೇಕು ಅಂದಾಗ ಪಾಲಿಸ್ಟೈರೀನ್ ತುಂಡಾಗಿ ಉದುರೋಕೆ ಶುರುವಾಯ್ತು, ಅದ್ರ ಜಾಗಕ್ಕೇ ನಾಫಿಯಾನ್ ಬಂದದ್ದು. ಅಗ್ಗದ ಹಾಳೆ ಮಾಡೋದು ಕಷ್ಟ ಅಲ್ಲ, ಬಾಳಿಕೆ ಬರಿಸೋದು ಕಷ್ಟ. ಮುಂದಿನ ಉತ್ತರಗಳನ್ನ ಓದುವಾಗ ಇದು ತಲೇಲಿರ್ಲಿ.

ಪ್ರಶ್ನೆ: ಸರ್, ನಾವು ಎಂಎಸ್ಸಿ ಪ್ರಾಜೆಕ್ಟಿಗೆ ಪೀಕ್ (ಬೆಂಜೀನ್ ಉಂಗುರಗಳ ಸರಪಳಿಯ ಗಟ್ಟಿ ಪ್ಲಾಸ್ಟಿಕ್) ಪಾಲಿಮರ್ ತಗೊಂಡು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸಲ್ಫೋನೇಟ್ ಮಾಡಿ ಮೆಂಬ್ರೇನ್ ಮಾಡಿದ್ವಿ. ದಪ್ಪ 150 ಮೈಕ್ರಾನ್, ಕಂಡಕ್ಟಿವಿಟಿ (ಪ್ರೋಟಾನ್ ಓಡಿಸೋ ಶಕ್ತಿ) ಸೆಂಟಿಮೀಟರಿಗೆ 0.03 ಸೀಮೆನ್ಸ್. ನಾಫಿಯಾನ್ 0.1 ಅಂತೆ. ಬಿಸಿನೀರಿಗೆ ಹಾಕಿದ್ರೆ ಉಬ್ಬಿ ಮೆತ್ತಗಾಗ್ತದೆ. ಗೈಡ್ "ಇಂಪ್ರೂವ್ ಮಾಡಿ" ಅಂತಾರೆ. ಗ್ರಾಫೀನ್ ಆಕ್ಸೈಡ್ ಹಾಕೋದಾ, ಸಿಲಿಕಾ ಹಾಕೋದಾ? (ಕಾರವಾರದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ತಮ್ಮಾ, ಎರಡೂ ಡಬ್ಬಿ ಸದ್ಯಕ್ಕೆ ಕಪಾಟಲ್ಲೇ ಇಡು. ಮೊದಲು ಲೆಕ್ಕ ಹಾಕೋಣ.

ಸೆಲ್ಲಿಗೆ ಬೇಕಾದ್ದು ಕಂಡಕ್ಟಿವಿಟಿ ಅಲ್ಲ, ಒಂದು ಚದರ ಸೆಂಟಿಮೀಟರ್ ಹಾಳೆಯ ರೆಸಿಸ್ಟೆನ್ಸು. ದಪ್ಪವನ್ನ ಕಂಡಕ್ಟಿವಿಟಿಯಿಂದ ಭಾಗಿಸಿದ್ರೆ ಅದು ಬರ್ತದೆ. ನಿಂದು 0.015 ಸೆಂಟಿಮೀಟರ್ ದಪ್ಪ, 0.03ರಿಂದ ಭಾಗಿಸು, 0.5 ಓಮ್. ಅಂದ್ರೆ ಚದರ ಸೆಂಟಿಮೀಟರಿಗೆ 1 ಆಂಪಿಯರ್ ಎಳೆದ್ರೆ ಬರೀ ಹಾಳೆಯಲ್ಲೇ ಅರ್ಧ ವೋಲ್ಟ್ ಖೋತಾ. ಥಿಯರಿ ಪ್ರಕಾರ ಒಂದು ಸೆಲ್ 1.23 ವೋಲ್ಟ್ ಆದ್ರೂ ಲೋಡ್ ಹಾಕಿದಾಗ ಒಳ್ಳೇ ಸೆಲ್ಲಿಗೂ ಸಿಗೋದು 0.6-0.7, ಅದ್ರಲ್ಲಿ ಅರ್ಧ ವೋಲ್ಟ್ ಇನ್ನೂ ಹೋದ್ರೆ ಉಳಿಯೋದು ಏನು. ಈಗ ಅದೇ ಪಾಲಿಮರ್ರು, ಅದೇ 0.03, ದಪ್ಪ ಮಾತ್ರ 25 ಮೈಕ್ರಾನ್ ಮಾಡು, 0.083 ಓಮ್ ಆಯ್ತು. ಎಲ್ಲಾ ಕಡೆ ರೆಫರೆನ್ಸ್ ಅಂತ ಇಟ್ಕೊಳ್ಳೋ ನಾಫಿಯಾನ್ 117 ಇದ್ಯಲ್ಲ, ಅದು 183 ಮೈಕ್ರಾನ್, ಅದ್ರ ಲೆಕ್ಕ 0.18 ಓಮ್. ಒಂದು ಗ್ರಾಂ ಫಿಲ್ಲರ್ (ಸಿಲಿಕಾ, ಗ್ರಾಫೀನ್ ಆಕ್ಸೈಡ್ ಥರದ ಬೆರಕೆ ಪುಡಿ) ಹಾಕದೇ ನೀನು ಅದನ್ನ ಹಿಂದೆ ಹಾಕಿದೆ. ಹಂಗಂತ ಹಿಗ್ಗಬೇಡ, ನಾಫಿಯಾನ್‌ನಲ್ಲೂ 25 ಮೈಕ್ರಾನಿಂದು ಸಿಗ್ತದೆ, ಅದು 0.025 ಓಮ್, ಅಮೆರಿಕದ ಇಂಧನ ಇಲಾಖೆ ಇಟ್ಟ ಗುರಿ 0.02.

ಸರಿ, ತೆಳು ಮಾಡಿದ್ರೆ ಹರೀತದೆ ಅಂತೀಯ, ಹೌದು, ಅಲ್ಲೇ ನಿನ್ನ ನಿಜವಾದ ಪ್ರಾಜೆಕ್ಟ್ ಇರೋದು. ಹಾಳೆ ಯಾಕೆ ಉಬ್ತದೆ ಅಂತ ಮೊದಲು ನೋಡು. ನಾಫಿಯಾನಿನ ಟೆಫ್ಲಾನ್ ಬೆನ್ನೆಲುಬು ನೀರನ್ನ ಹತ್ರ ಸೇರಿಸೋದಿಲ್ಲ, ಅದಕ್ಕೆ ನೀರಿನ ದಾರಿ ಒಂದ್ ಕಡೆ, ಪಾಲಿಮರ್ ಒಂದ್ ಕಡೆ ಚೆನ್ನಾಗಿ ಬೇರೆ ಆಗ್ತದೆ. ಪೀಕ್‌ನ ಬೆಂಜೀನ್ ಉಂಗುರಗಳಿಗೆ ನೀರಿನ ಮೇಲೆ ಅಷ್ಟು ದ್ವೇಷ ಇಲ್ಲ, ದಾರಿ ಇಕ್ಕಟ್ಟು, ಕವಲು ಜಾಸ್ತಿ, ಎಷ್ಟೋ ಕವಲು ಮುಂದೆ ಹೋಗಿ ಮುಚ್ಚಿಹೋಗಿರ್ತವೆ, ಮೇಲಿಂದ ಅದ್ರ ಸಲ್ಫೋನಿಕ್ ಆಸಿಡ್ಡೂ ನಾಫಿಯಾನಿಂದಕ್ಕಿಂತ ದುರ್ಬಲ. ಅದನ್ನ ಸರಿದೂಗಿಸೋಕೆ ಎಲ್ರೂ ಸಲ್ಫೋನೇಶನ್ ಏರಿಸ್ತಾ ಹೋಗ್ತಾರೆ, ಏರಿಸಿದ ಹಾಗೆ ಹಾಳೆ ನೀರು ಕುಡೀತದೆ, ಪೂರ್ತಿ ಸಲ್ಫೋನೇಟ್ ಆದ ಪೀಕ್ ಬಿಸಿನೀರಲ್ಲಿ ಕರಗಿಯೇ ಹೋಗ್ತದೆ.

ಹಂಗಾಗಿ ನಿಂದು ಎಷ್ಟು ಸಲ್ಫೋನೇಟ್ ಆಗಿದೆ ಅಂತ ಅಳತೆ ಮಾಡಿದ್ಯಾ? ಪತ್ರದಲ್ಲಿ ಇಲ್ಲ. ದೊಡ್ಡ ಮಶೀನ್ ಬೇಡ, ಬ್ಯುರೆಟ್ ಸಾಕು. ಒಣಗಿಸಿ ತೂಕ ಮಾಡಿದ ಅರ್ಧ ಗ್ರಾಂ ತುಂಡನ್ನ ಉಪ್ಪಿನ ದ್ರಾವಣದಲ್ಲಿ ಒಂದು ದಿನ ನೆನೆಹಾಕು, ಸೋಡಿಯಂ ಒಳಗೆ ಹೋಗಿ ಪ್ರೋಟಾನ್ ಹೊರಗೆ ಬರ್ತದೆ, ಆ ದ್ರಾವಣವನ್ನ ಫಿನಾಲ್ಫ್ತಲೀನ್ ಹಾಕಿ 0.05 ನಾರ್ಮಲ್ ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡು. 16 ಎಂಎಲ್ ಹೋಯ್ತು ಅಂತ ಇಟ್ಕೋ, 0.8 ಮಿಲಿಈಕ್ವಿವಲೆಂಟ್ (ಆಸಿಡ್ ಗುಂಪು ಎಷ್ಟಿದೆ ಅನ್ನೋ ಅಳತೆ), ಅರ್ಧ ಗ್ರಾಮಿಗೆ, ಅಂದ್ರೆ ಗ್ರಾಮಿಗೆ 1.6. ಪೀಕ್‌ನಲ್ಲಿ ಇದು ಸುಮಾರು ಶೇ. 53 ಸಲ್ಫೋನೇಶನ್. ನಾಫಿಯಾನಿಂದು ಬರೀ 0.91, ನೋಡು, ಅಷ್ಟು ಕಡಿಮೆ ಆಸಿಡ್ ಇಟ್ಕೊಂಡು ಅದು ಅಷ್ಟು ಓಡಿಸ್ತದೆ, ಎಲ್ಲಾ ದಾರಿಯ ಕರಾಮತ್ತು. ನಿಂದು 2ರ ಹತ್ರ ಇದ್ರೆ ಉಬ್ಬೋದ್ರಲ್ಲಿ ಆಶ್ಚರ್ಯ ಏನೂ ಇಲ್ಲ, ಆಸಿಡ್‌ನಲ್ಲಿ ಇಡೋ ಹೊತ್ತು ಅಥವಾ ಉಷ್ಣತೆ ಇಳ್ಸು.

ಆಮೇಲೆ ಉಬ್ಬೋದನ್ನ ಕಟ್ಟಿಹಾಕೋಕೆ ಮೂರ್ನಾಲ್ಕು ದಾರಿ ಇವೆ. ಒಂದು ಕ್ರಾಸ್‌ಲಿಂಕ್, ಎಥಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಾಲ್ ಸೇರಿಸಿ ಬಿಸಿ ಮಾಡಿದ್ರೆ ಸರಪಳಿಗಳ ನಡುವೆ ಗಂಟು ಬೀಳ್ತದೆ, ಆದ್ರೆ ಗಂಟು ಬಿದ್ದಲ್ಲಿ ಒಂದೊಂದು ಆಸಿಡ್ ಗುಂಪು ಖರ್ಚಾಗ್ತದೆ ಅನ್ನೋದು ಮರೀಬೇಡ, ಜಾಸ್ತಿ ಗಂಟು ಹಾಕಿದ್ರೆ ಹಾಳೆ ಹಪ್ಪಳದ ಥರ ಪಟ್ ಅಂತ ಮುರೀತದೆ. ಇನ್ನೊಂದು, ಪಾಲಿಬೆಂಜಿಮಿಡಜೋಲ್ ಥರದ ಬೇಸ್ ಪಾಲಿಮರ್ ಸ್ವಲ್ಪ ಬೆರ್ಸೋದು, ಆಸಿಡ್ಡು ಬೇಸು ಒಂದನ್ನೊಂದು ಹಿಡ್ಕೊಂಡು ಹಾಳೆ ಬಿಗಿಯಾಗ್ತದೆ. ನಂಗೆ ಇವೆಲ್ಲಕ್ಕಿಂತ ಇಷ್ಟವಾದ್ದು ಒಳಗೆ ಬಲೆ ಕೊಡೋದು. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಕಡ್ಡಿಯನ್ನ ಜರ್ಕ್ ಕೊಟ್ಟು ಎಳೆದಾಗ ಸಣ್ಣ ಸಣ್ಣ ರಂಧ್ರದ ಹಿಗ್ಗಿದ ಟೆಫ್ಲಾನ್ ಸಿಕ್ತು, ಆ ಬಲೆಯೊಳಗೆ ಪ್ರೋಟಾನ್ ಪಾಲಿಮರ್ ತುಂಬಿಸಿ ಇವತ್ತು ಕಾರುಗಳಿಗೆ 10 ಮೈಕ್ರಾನ್ ಆಸುಪಾಸಿನ ಹಾಳೆ ಮಾಡ್ತಾರೆ. ಶಕ್ತಿ ಬಲೆದು, ಪ್ರೋಟಾನ್ ಕೆಲಸ ಪಾಲಿಮರಿಂದು, ತುಟ್ಟಿ ಸಾಮಾನು ಕಡಿಮೆ ಸಾಕು. ಪೀಕ್ ದ್ರಾವಣವನ್ನೂ ಹಂಗೇ ತುಂಬಿಸ್ಬಹುದು, ಒಂದೇ ತೊಂದ್ರೆ ಟೆಫ್ಲಾನ್ ಒದ್ದೆ ಆಗೋದಿಲ್ಲ, ಮೊದಲು ಬಲೆಗೆ ಆಲ್ಕೋಹಾಲ್ ಹಚ್ಚಿ ಒದ್ದೆ ಮಾಡ್ಕೊಂಡು ಆಮೇಲೆ ದ್ರಾವಣ ಹಾಕು, ಎರಡೂ ಬದಿಯಿಂದ, ಮಧ್ಯ ಗುಳ್ಳೆ ಉಳಿದ್ರೆ ಗ್ಯಾಸ್ ಅಲ್ಲಿಂದ್ಲೇ ದಾಟ್ತದೆ. ಗಾಜಿನ ಮೇಲೆ ಎರೆಯುವಾಗ ಗಾಜು ಲೆವೆಲ್ ಇದ್ಯಾ ಅಂತ ಸ್ಪಿರಿಟ್ ಲೆವೆಲ್ ಇಟ್ಟು ನೋಡು, ಇಲ್ಲದಿದ್ರೆ ಒಂದ್ ಮೂಲೆ 20, ಇನ್ನೊಂದು 60 ಮೈಕ್ರಾನ್ ಆಗ್ತದೆ.

ಈಗ ನಿನ್ನ ಸಿಲಿಕಾ. ಸಿಲಿಕಾ ನೀರು ಹಿಡಿದಿಡ್ತದೆ, ಉಬ್ಬೋದನ್ನೂ ಕಡಿಮೆ ಮಾಡ್ತದೆ, ಆದ್ರೆ ತಾನಾಗಿ ಪ್ರೋಟಾನ್ ಓಡಿಸೋದಿಲ್ಲ, ಜಾಸ್ತಿ ಹಾಕಿದ್ರೆ ಗಂಟುಗಂಟಾಗಿ ದಾರಿಗೇ ಅಡ್ಡ ಬರ್ತದೆ. ಅದ್ರ ಮೇಲ್ಮೈಗೆ ಸಲ್ಫೋನಿಕ್ ಗುಂಪು ಅಂಟಿಸಿ ಹಾಕಿದ್ರೆ ಮಾತ್ರ ಪೂರ್ತಿ ಲಾಭ. ಗ್ರಾಫೀನ್ ಆಕ್ಸೈಡ್ ಕಾಗದದಲ್ಲಿ ಚೆಂದ, ಆದ್ರೆ ಅದು ರೆಡ್ಯೂಸ್ ಆಗಿ ಗ್ರಾಫೀನ್ ಕಡೆ ತಿರುಗಿದ್ರೆ ಎಲೆಕ್ಟ್ರಾನನ್ನೂ ಬಿಡ್ತದೆ, ಮೆಂಬ್ರೇನ್ ಒಳಗೇ ಶಾರ್ಟ್. ಫಾಸ್ಫೋಟಂಗ್‌ಸ್ಟಿಕ್ ಆಸಿಡ್ ಹಾಕಿ ಕಂಡಕ್ಟಿವಿಟಿ ಡಬಲ್ ಆಯ್ತು ಅಂತ ಬರೆಯೋರು ಬೇಕಾದಷ್ಟು ಜನ, ಅದು ನೀರಲ್ಲಿ ಕರಗ್ತದೆ ಮಾರಾಯಾ, ಸೆಲ್ಲಲ್ಲಿ ಹುಟ್ಟೋದೇ ನೀರು, ಎಲ್ಲಾದ್ರೂ ಕಟ್ಟಿಹಾಕದಿದ್ರೆ ತೊಳ್ಕೊಂಡು ಹೊರಗೆ ಹೋಗ್ತದೆ. ಫಿಲ್ಲರ್ ಹಾಕಿದ ಮೊದಲ ದಿನದ ನಂಬರ್ ಮಾತ್ರ ಇರೋ ರಿಪೋರ್ಟನ್ನ ನಾನಂತೂ ನಂಬೋದಿಲ್ಲ.

ಬಾಳಿಕೆ ಟೆಸ್ಟ್ ಮಾಡದೇ ಪ್ರಾಜೆಕ್ಟ್ ಮುಗಿಸ್ಬೇಡ. ಸೆಲ್ಲಲ್ಲಿ ಸ್ವಲ್ಪ ಗ್ಯಾಸ್ ದಾಟಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ತದೆ, ಒಂದಿಷ್ಟು ಕಬ್ಬಿಣದ ಅಯಾನ್ ಸಿಕ್ರೆ ಅದು ಸಿಕ್ಕಿದ್ದಕ್ಕೆಲ್ಲಾ ಬಾಯಿ ಹಾಕೋ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗಿ ಪಾಲಿಮರನ್ನ ಕತ್ತರಿಸ್ತದೆ. ಲ್ಯಾಬಲ್ಲಿ ಇದನ್ನೇ ಫೆಂಟನ್ ಟೆಸ್ಟ್ ಅಂತ ಮಾಡ್ತಾರೆ, ಶೇ. 3 ಪೆರಾಕ್ಸೈಡು, ಕೆಲವು ಪಿಪಿಎಂ ಫೆರಸ್ ಅಯಾನು, 80 ಡಿಗ್ರಿ. ನಾಫಿಯಾನ್ ಗಂಟೆಗಟ್ಲೆ ಆರಾಮಾಗಿ ಕೂತಿರ್ತದೆ, ನಿಂದು ಬೇಗ ತುಂಡಾಗ್ತದೆ, ಗಾಬರಿ ಬೀಳ್ಬೇಡ, ಯಾಕಂದ್ರೆ ಪೀಕ್ ಹಾಳೆಯಲ್ಲಿ ಗ್ಯಾಸ್ ದಾಟೋದು ನಾಫಿಯಾನಿಗಿಂತ ಕಡಿಮೆ, ಹಂಗಾಗಿ ನಿಜವಾದ ಸೆಲ್ಲಲ್ಲಿ ಪೆರಾಕ್ಸೈಡು ಹುಟ್ಟೋದೂ ಕಡಿಮೆ, ಫೆಂಟನ್ ಅದಕ್ಕೆ ಸ್ವಲ್ಪ ಅನ್ಯಾಯ ಮಾಡ್ತದೆ. ನಾಫಿಯಾನ್ ಜಾತಿಯಲ್ಲಿ ಸೀರಿಯಂ ಸೇರಿಸಿ ರ್‍ಯಾಡಿಕಲ್ ಹಿಡಿಸ್ತಾರೆ. ಪೀಕ್‌ನಲ್ಲಿ ಆ ಉಪಾಯ ಅಷ್ಟು ನಡೆಯೋದಿಲ್ಲ, ಬೆಂಜೀನ್ ಉಂಗುರವೇ ಸೀರಿಯಂಗಿಂತ ಮೊದಲು ರ್‍ಯಾಡಿಕಲ್ಲಿಗೆ ಸಿಕ್ಕಿಬೀಳ್ತದೆ. ಇನ್ನೊಂದು, ಒದ್ದೆ ಮಾಡು, ಒಣಗಿಸು, ಮತ್ತೆ ಒದ್ದೆ ಮಾಡು, ಹೀಗೆ ಸುತ್ತು ಹೊಡೆಸಿ ಅಂಚಲ್ಲಿ ಬಿರುಕು ಬಿಡ್ತದಾ ನೋಡು. ಅಮೆರಿಕದವ್ರ ಗುರಿ ಇಂಥ 20,000 ಸುತ್ತು. ಕಾಲೇಜಲ್ಲಿ ಅಷ್ಟಾಗೋದಿಲ್ಲ, ಎಷ್ಟಾಗ್ತದೋ ಅಷ್ಟು ಮಾಡಿ ನಂಬರ್ ಬರಿ.

ಗೈಡ್ "ನಮ್ದು ಚದರ ಮೀಟರಿಗೆ ಅಗ್ಗ" ಅಂತ ಬರೆಸಿದ್ರೆ ಒಂದು ಲೆಕ್ಕ ತೋರ್ಸು. ಎರಡೂ ಎಲೆಕ್ಟ್ರೋಡ್ ಸೇರಿ ಚದರ ಸೆಂಟಿಮೀಟರಿಗೆ 0.4 ಮಿಲಿಗ್ರಾಂ ಪ್ಲಾಟಿನಂ ಇದೆ ಅಂತ ಇಟ್ಕೊಳ್ಳಿ, ಚದರ ಮೀಟರಿಗೆ 4 ಗ್ರಾಂ ಆಯ್ತು. ನಿನ್ನ ಅಗ್ಗದ ಹಾಳೆ ಅದೇ ವೋಲ್ಟೇಜಲ್ಲಿ ಅರ್ಧ ಕರೆಂಟು ಕೊಟ್ರೆ ಅಷ್ಟೇ ಪವರಿಗೆ ಎರಡು ಪಟ್ಟು ಹಾಳೆ ಬೇಕು, ಅಂದ್ರೆ ಇನ್ನೂ 4 ಗ್ರಾಂ ಪ್ಲಾಟಿನಂ, ಇನ್ನಷ್ಟು ಪ್ಲೇಟು, ಇನ್ನಷ್ಟು ಸೀಲು. ಹಾಳೆಯಲ್ಲಿ ಉಳಿಸಿದ್ದು ಪ್ಲಾಟಿನಂನಲ್ಲಿ ಹೋಯ್ತು. ಅದಕ್ಕೇ ರೇಟನ್ನ ಚದರ ಮೀಟರಿಗೆ ಹೇಳ್ಬೇಡಿ, ಒಂದು ಕಿಲೋವ್ಯಾಟಿಗೆ ಎಷ್ಟು, ಎಷ್ಟು ಸಾವಿರ ಗಂಟೆಗೆ ಅಂತ ಹೇಳಿ. ಸೆಲ್ ಟೆಸ್ಟಿಗೆ ನಿಮ್ಮಲ್ಲಿ ಸ್ಟೇಶನ್ ಇಲ್ಲದಿದ್ರೆ ಕಾರೈಕುಡಿಯ ಸಿಇಸಿಆರ್‌ಐ, ಪುಣೆಯ ಎನ್‌ಸಿಎಲ್, ಚೆನ್ನೈನಲ್ಲಿರೋ ಎಆರ್‌ಸಿಐನ ಫ್ಯೂಯಲ್ ಸೆಲ್ ಕೇಂದ್ರ, ಇವೆಲ್ಲಾ ಇದೇ ಕೆಲಸ ಮಾಡೋ ಜಾಗ, ಗೈಡ್ ಕೈಲಿ ಒಂದು ಪತ್ರ ಬರೆಸಿ ಕೇಳಿ.

ಪ್ರಶ್ನೆ: ಶೆಟ್ಲಿ (ಸೀಗಡಿ) ಸಿಪ್ಪೆಯಿಂದ ಕೈಟೋಸಾನ್ ಮಾಡಿ ಅದ್ರಲ್ಲಿ ಫ್ಯೂಯಲ್ ಸೆಲ್ ಮೆಂಬ್ರೇನ್ ಮಾಡ್ಬಹುದು ಅಂತ ಓದಿದೆ. ನಮ್ಮಲ್ಲಿ ಸಿಪ್ಪೆ ರಾಶಿ ರಾಶಿ ಬಿದ್ದಿರ್ತದೆ, ಪುಕ್ಕಟೆ. ಮಾಡ್ಬಹುದಾ? (ಹೊನ್ನಾವರದಿಂದ, ಮೀನು ವ್ಯಾಪಾರದ ಮನೆಯವ್ರು)

ಉತ್ತರ: ಮಾಡ್ಬಹುದು. ಪುಕ್ಕಟೆ ಅನ್ನೋದನ್ನ ಮಾತ್ರ ಸ್ವಲ್ಪ ಕೆಳಗಿಡಿ.

ಸಿಪ್ಪೆಯಲ್ಲಿ ಸುಣ್ಣ ಇದೆ, ಅದನ್ನ ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೆಗೀಬೇಕು. ಪ್ರೋಟೀನ್ ಇದೆ, ಅದನ್ನ ಕಾಸ್ಟಿಕ್‌ನಲ್ಲಿ ತೆಗೀಬೇಕು. ಆಗ ಉಳಿಯೋದು ಕೈಟಿನ್, ಅದನ್ನ ಶೇ. 40-50ರ ಕಾಸ್ಟಿಕ್‌ನಲ್ಲಿ ಬಿಸಿ ಮಾಡಿದ್ರೆ ಕೈಟೋಸಾನ್. ಪ್ರತಿ ಹಂತಕ್ಕೂ ತೊಳೆಯೋಕೆ ನೀರು, ತೊಳೆದ ನೀರನ್ನ ಹೊಳೆಗೆ ಬಿಡೋ ಹಾಗಿಲ್ಲ. ತಮಾಷೆ ನೋಡಿ, ಆ ಕಾಸ್ಟಿಕ್ ತಯಾರಾಗೋದು ಅದೇ ಫ್ಲೋರಿನ್ ಮೆಂಬ್ರೇನ್ ಮೇಲೆ.

ಕೈಟೋಸಾನ್ ಶೇ. 2ರ ಅಸಿಟಿಕ್ ಆಸಿಡ್‌ನಲ್ಲಿ ಕರಗ್ತದೆ, ಎರೆದು ಒಣಗಿಸಿ ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿದ್ರೆ ಕ್ರಾಸ್‌ಲಿಂಕೂ ಆಗ್ತದೆ, ಪ್ರೋಟಾನೂ ಸಿಗ್ತದೆ. ಹಾಳೆ ಚೆಂದ ಬರ್ತದೆ. ಕಂಡಕ್ಟಿವಿಟಿ ಮಾತ್ರ ನಾಫಿಯಾನಿನ ಹತ್ತನೇ ಒಂದು, ಕೆಲವೊಮ್ಮೆ ನೂರನೇ ಒಂದು ಪಾಲು. 80 ಡಿಗ್ರಿಯ ಕಾರ್ ಸೆಲ್ಲಿಗೆ ಇದನ್ನ ಹಿಡ್ಕೊಂಡು ಹೋಗೋದು ಬೇಡ. ಆದ್ರೆ ಮೆಥನಾಲ್ ಹಾಕೋ ಸಣ್ಣ ಫ್ಯೂಯಲ್ ಸೆಲ್ ಇದ್ಯಲ್ಲ, ಅಲ್ಲಿ ನಾಫಿಯಾನಿಗೆ ಒಂದು ದೊಡ್ಡ ಕೆಟ್ಟ ಚಾಳಿ ಇದೆ, ಮೆಥನಾಲನ್ನ ಸುಲಭಕ್ಕೆ ದಾಟಿಸಿಬಿಡ್ತದೆ. ಕೈಟೋಸಾನ್ ಅಷ್ಟು ದಾಟಿಸೋದಿಲ್ಲ, ಅಲ್ಲಿ ಅದಕ್ಕೆ ಮರ್ಯಾದೆ ಇದೆ. ಇನ್ನೊಂದು ದಾರಿ ಬರೀ ಕೈಟೋಸಾನ್ ಹಾಳೆ ಬಿಟ್ಟು ಸಲ್ಫೋನೇಟ್ ಆದ ಪಾಲಿಮರ್ ಜೊತೆ ಬೆರ್ಸೋದು, ಅದ್ರ ಅಮೈನ್ ಗುಂಪು ಆಸಿಡ್ಡನ್ನ ಹಿಡ್ಕೊಂಡು ಉಬ್ಬೋದನ್ನ ತಡೀತದೆ. ವ್ಯಾಪಾರ ಅಂತ ಕೇಳಿದ್ರೆ, ಔಷಧಿ, ಕೃಷಿ, ನೀರು ಶುದ್ಧಿಗೆ ಕೈಟೋಸಾನ್ ಕೊಳ್ಳೋರು ಈಗ್ಲೇ ಇದ್ದಾರೆ, ಮೊದಲು ಅವ್ರಿಗೆ ಮಾರಿ.

ಪ್ರಶ್ನೆ: ಅಡಿಕೆ ಸಿಪ್ಪೆಯ ನಾರಲ್ಲಿ ಮೆಂಬ್ರೇನ್ ಆಗೋದಿಲ್ವಾ ಹಾಗಾದ್ರೆ? (ಶಿರಸಿ)

ಉತ್ತರ: ನಾರಲ್ಲಿರೋ ಸೆಲ್ಯುಲೋಸಿಗೆ ತಾನಾಗಿ ಪ್ರೋಟಾನ್ ಓಡಿಸೋ ಶಕ್ತಿ ಇಲ್ಲ ಅನ್ನೋಷ್ಟು ಕಡಿಮೆ. ನ್ಯಾನೋ ಎಳೆ ಮಾಡಿ ಮೇಲೆ ಹೇಳಿದ ಬಲೆಯ ಜಾಗದಲ್ಲಿ ಹಾಕ್ಬಹುದು, ಆದ್ರೆ ಬಿಸಿ ಆಸಿಡ್‌ನಲ್ಲಿ ಸೆಲ್ಯುಲೋಸ್ ನಿಧಾನಕ್ಕೆ ಸಕ್ಕರೆಯಾಗಿ ಒಡೀತದೆ. ಸಿಪ್ಪೆ ತೋಟಕ್ಕೇ ಇರ್ಲಿ.

ಪ್ರಶ್ನೆ: ಮೆಂಬ್ರೇನ್ ಯಾವಾಗ್ಲೂ ಒದ್ದೆ ಇರ್ಬೇಕು, ಅದಕ್ಕೆ ಗಾಳಿಗೆ ತೇವ ಸೇರಿಸೋ ಹ್ಯುಮಿಡಿಫೈಯರ್ ಬೇಕು ಅಂತೀರಿ. ನಮ್ಮ ಭಟ್ಕಳದಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರ್ತದೆ, ಇಲ್ಲಿ ಯಾಕೆ ಬೇಕು ಅದು?

ಉತ್ತರ: ಕೇಳ್ಲೇಬೇಕಾದ ಪ್ರಶ್ನೆ. 28 ಡಿಗ್ರಿಯಲ್ಲಿ ಗಾಳಿ ಪೂರ್ತಿ ಒದ್ದೆ, ಶೇ. 100 ತೇವಾಂಶ ಅಂತಲೇ ಇಟ್ಕೊಳ್ಳಿ. ಆಗ ನೀರಾವಿಯ ಒತ್ತಡ ಸುಮಾರು 3.8 ಕಿಲೋಪಾಸ್ಕಲ್. ಅದೇ ಗಾಳಿ 80 ಡಿಗ್ರಿಯ ಸೆಲ್ಲೊಳಗೆ ಹೋಯ್ತು, ಅಲ್ಲಿ ಪೂರ್ತಿ ಒದ್ದೆ ಆಗೋಕೆ 47 ಕಿಲೋಪಾಸ್ಕಲ್ ಬೇಕು. ಭಾಗಿಸಿ ನೋಡಿ, ತೇವಾಂಶ ಶೇ. 8ಕ್ಕೆ ಬಂತು. ಭಟ್ಕಳದ ಆಷಾಢದ ಗಾಳಿ ಸೆಲ್ಲಿನ ಲೆಕ್ಕದಲ್ಲಿ ಮರುಭೂಮಿ ಗಾಳಿ.

ಇದಕ್ಕೆ ಒಂದು ಪರಿಹಾರ ಮತ್ತೆ ತೆಳು ಹಾಳೆಯೇ. ಗಾಳಿ ಬದಿಯಲ್ಲಿ ಹುಟ್ಟೋ ನೀರು ತೆಳು ಹಾಳೆಯಲ್ಲಿ ಹಿಂದಕ್ಕೆ ಹೈಡ್ರೋಜನ್ ಬದಿಗೆ ಇಂಗ್ತದೆ, ಎರಡೂ ಬದಿ ಒದ್ದೆ ಆಗ್ತದೆ. 2014ರ ಟೊಯೋಟಾ ಮಿರಾಯ್ ಕಾರಲ್ಲಿ ಹೊರಗಿನ ಹ್ಯುಮಿಡಿಫೈಯರನ್ನೇ ತೆಗೆದುಬಿಟ್ರು, ತೆಳು ಮೆಂಬ್ರೇನ್ ಇದ್ದದ್ದಕ್ಕೇ ಅದು ಸಾಧ್ಯ ಆಯ್ತು. ಇನ್ನೊಂದು ಪರಿಹಾರ ನೀರಿನ ಹಂಗೇ ಬೇಡ ಅಂತ ಪಾಲಿಬೆಂಜಿಮಿಡಜೋಲ್ ಹಾಳೆಗೆ ಫಾಸ್ಫಾರಿಕ್ ಆಸಿಡ್ ಕುಡಿಸಿ 120ರಿಂದ 180 ಡಿಗ್ರಿಯಲ್ಲಿ ಓಡಿಸೋದು. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಅಷ್ಟು ಬಿಸಿ ಮಾಡ್ಬೇಕು, ತಣ್ಣಗಿರುವಾಗ ನೀರು ನಿಂತ್ರೆ ಆಸಿಡ್ ತೊಳ್ಕೊಂಡು ಹೋಗ್ತದೆ.

ಪ್ರಶ್ನೆ: ಕಾಸ್ಟಿಕ್ ಕಾರ್ಖಾನೆಯಿಂದ ತೆಗೆದ ಹಳೇ ಮೆಂಬ್ರೇನ್ ತುಂಡು ಗುಜರಿಯಲ್ಲಿ ಸಿಕ್ತು. ಫ್ಯೂಯಲ್ ಸೆಲ್ಲಿಗೆ ಹಾಕ್ಬಹುದಾ? (ಬಿಣಗಾ)

ಉತ್ತರ: ನೇರ ಹಾಕಿದ್ರೆ ಕೆಲಸ ಮಾಡೋದಿಲ್ಲ. ಆ ಹಾಳೆಗೆ ಎರಡು ಪದರ, ಒಂದು ಸಲ್ಫೋನಿಕ್, ಇನ್ನೊಂದು ಕಾರ್ಬಾಕ್ಸಿಲಿಕ್, ಎರಡನೇದು ಕಾಸ್ಟಿಕ್ ಹಿಂದೆ ಬರದ ಹಾಗೆ ತಡೆಯೋಕೆ. ದುರ್ಬಲ ಆಸಿಡ್ ಆದ್ದರಿಂದ ಫ್ಯೂಯಲ್ ಸೆಲ್ಲಿನ ಆಮ್ಲೀಯ ವಾತಾವರಣದಲ್ಲಿ ಆ ಪದರ ಪ್ರೋಟಾನ್ ಬಿಟ್ಟುಕೊಡೋದೇ ಇಲ್ಲ, ಬಾಗಿಲು ಹಾಕಿದ ಹಾಗೆ. ಒಳಗೆ ಟೆಫ್ಲಾನ್ ಬಟ್ಟೆ ಇದೆ, ದಪ್ಪವೂ ಜಾಸ್ತಿ, ಕ್ಯಾಲ್ಸಿಯಂ ಮೆಗ್ನೀಸಿಯಂ ಕೂತಿರ್ತದೆ. ಸಲ್ಫೋನಿಕ್ ಜಾತಿಯ ಪಾಲಿಮರನ್ನ ಆಲ್ಕೋಹಾಲ್-ನೀರಿನ ಮಿಶ್ರಣದಲ್ಲಿ ಒತ್ತಡದ ಪಾತ್ರೆಯೊಳಗೆ 250 ಡಿಗ್ರಿ ಹತ್ರ ಬಿಸಿ ಮಾಡಿದ್ರೆ ಕರಗ್ತದೆ, ಮತ್ತೆ ಎರೆಯಬಹುದು, ಹಳೇ ಹಾಳೆ ಮರುಬಳಕೆಗೆ ಅದೇ ದಾರಿ. ಮನೇಲಿ ಕುಕ್ಕರಲ್ಲಿ ಮಾಡೋ ಕೆಲಸ ಖಂಡಿತ ಅಲ್ಲ, ಆಲ್ಕೋಹಾಲ್ ಆವಿ, ಅಷ್ಟು ಒತ್ತಡ, ಜೀವಕ್ಕೇ ಅಪಾಯ.

ಪ್ರಶ್ನೆ: ಫ್ಲೋರಿನ್ ಪ್ಲಾಸ್ಟಿಕ್ಕನ್ನ ಯುರೋಪಲ್ಲಿ ಬ್ಯಾನ್ ಮಾಡ್ತಾರಂತೆ, ಆಗ ನಾಫಿಯಾನ್ ಕತೆ ಏನು? (ಸಿದ್ದಾಪುರ)

ಉತ್ತರ: ಪಿಎಫ್‌ಎಎಸ್ ಅಂತ ಕರೆಯೋ, ಪರಿಸರದಲ್ಲಿ ಕೊಳೆಯದ ಫ್ಲೋರಿನ್ ರಾಸಾಯನಿಕಗಳಿಗೆಲ್ಲಾ ಕಡಿವಾಣ ಹಾಕ್ಬೇಕು ಅಂತ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸೇರಿ ಕೊಟ್ಟ ಪ್ರಸ್ತಾವ 2023ರ ಫೆಬ್ರವರಿಯಲ್ಲಿ ಪ್ರಕಟವಾಯ್ತು. ನಾಫಿಯಾನ್ ಜಾತಿಯೂ ಆ ವ್ಯಾಖ್ಯೆಯೊಳಗೆ ಬರ್ತದೆ. ತ್ರೀಎಂ ಕಂಪನಿ 2025ರ ಕೊನೆಗೆ ಇಂಥ ರಾಸಾಯನಿಕ ಮಾಡೋದನ್ನೇ ನಿಲ್ಲಿಸ್ತೀವಿ ಅಂತ 2022ರಲ್ಲೇ ಹೇಳಿತ್ತು. ಪೀಕ್ ಥರದ ಹೈಡ್ರೋಕಾರ್ಬನ್ ಹಾಳೆ ಮಾಡೋರಿಗೆ ರೇಟಿಗಿಂತ ದೊಡ್ಡ ಕಾರಣ ಈಗ ಇದೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಣ್ಣಾ, ಡೀಸೆಲ್ ರೇಟ್ ಕೊಟ್ಟು ಸಾಕಾಯ್ತು. ಹೈಡ್ರೋಜನ್ ಬೋಟ್ ಬಂದಿದೆ ಅಂತ ಟಿವಿಯಲ್ಲಿ ತೋರಿಸಿದ್ರು. ಮೀನು ಹಿಡಿಯೋ ಬೋಟಿಗೆ ಯಾವಾಗ ಬರ್ತದೆ? (ತದಡಿಯಿಂದ ಬೋಟ್ ಮಾಲಕರು)

ಉತ್ತರ: ನೀವು ನೋಡಿದ್ದು ಕೊಚ್ಚಿ ಶಿಪ್‌ಯಾರ್ಡ್ ಕಟ್ಟಿದ ಪ್ರಯಾಣಿಕರ ದೋಣಿ, 2024ರ ಫೆಬ್ರವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ರು, ವಾರಾಣಸಿಗೆ ಅಂತ ಮಾಡಿದ್ದು, 50 ಜನ ಕೂರೋ ದೋಣಿ, ಒಳಗಿರೋದು ಇದೇ ಮೆಂಬ್ರೇನ್ ಜಾತಿಯ ಫ್ಯೂಯಲ್ ಸೆಲ್. ಗಂಗೆ ಸಿಹಿನೀರು ಅನ್ನೋದನ್ನ ಗಮನಿಸಿ.

ನಮ್ಮ ಸಮುದ್ರದ ಗಾಳಿಯಲ್ಲಿ ಉಪ್ಪಿನ ಹನಿ ಇರ್ತದೆ. ಸೆಲ್ಲು ಗಾಳಿ ಎಳ್ಕೊಳ್ಳುವಾಗ ಉಪ್ಪೂ ಒಳಗೆ ಹೋದ್ರೆ ಸೋಡಿಯಂ ಅಯಾನು ಮೆಂಬ್ರೇನಿನ ಆಸಿಡ್ ತುದಿಯಲ್ಲಿ ಪ್ರೋಟಾನಿನ ಜಾಗ ಹಿಡೀತದೆ, ಕಂಡಕ್ಟಿವಿಟಿ ಬೀಳ್ತದೆ, ಕ್ಲೋರೈಡು ಪ್ಲಾಟಿನಂ ಮೇಲೆ ಕೂತು ಅದನ್ನ ಕರಗಿಸೋಕೂ ಸಹಾಯ ಮಾಡ್ತದೆ. ಅಗ್ಗದ ಹಾಳೆ ಆದ್ರೂ ತುಟ್ಟಿ ಹಾಳೆ ಆದ್ರೂ ಇದ್ರಲ್ಲಿ ವ್ಯತ್ಯಾಸ ಇಲ್ಲ, ಆಸಿಡ್ ತುದಿ ಇದ್ದಲ್ಲೆಲ್ಲಾ ಸೋಡಿಯಂ ಕೂರ್ತದೆ. ಜರ್ಮನಿಯ ಟೈಪ್ 212 ಸಬ್‌ಮರೀನ್‌ಗಳಲ್ಲಿ ಇಂಥದ್ದೇ ಸೆಲ್ ಸಮುದ್ರದಡಿ ಓಡ್ತದೆ ನಿಜ, ಆದ್ರೆ ಅವ್ರು ಗಾಳಿ ಬಳಸೋದಿಲ್ಲ, ದ್ರವ ಆಕ್ಸಿಜನ್ ಹೊತ್ಕೊಂಡು ಹೋಗ್ತಾರೆ. ನಮ್ಮ ನೌಕಾಪಡೆಗೆ ಅಂಬರನಾಥದ ಎನ್‌ಎಂಆರ್‌ಎಲ್ ಪ್ರಯೋಗಾಲಯ ಮಾಡಿದ್ದು ಬೇರೆ ಜಾತಿ, ಫಾಸ್ಫಾರಿಕ್ ಆಸಿಡ್ ಸೆಲ್.

ಇನ್ನು ಇಂಧನದ ಲೆಕ್ಕ. ಒಂದು ಕೆಜಿ ಹೈಡ್ರೋಜನಲ್ಲಿ 33 ಯೂನಿಟ್ ಶಕ್ತಿ, ಸೆಲ್ ಅದ್ರಲ್ಲಿ ಅರ್ಧ ಕರೆಂಟ್ ಮಾಡ್ತದೆ ಅಂದ್ರೆ 16-17 ಯೂನಿಟ್. 50 ಕಿಲೋವ್ಯಾಟ್ ಮೋಟರ್ ಒಂದು ಗಂಟೆ ಓಡೋಕೆ 3 ಕೆಜಿ. 350 ಬಾರ್ ಒತ್ತಡದಲ್ಲಿ ತುಂಬಿದ್ರೂ ಅದಕ್ಕೆ ಸುಮಾರು 125 ಲೀಟರ್ ಜಾಗ. ಅಷ್ಟೇ ಕೆಲಸಕ್ಕೆ ಡೀಸೆಲ್ 14-15 ಲೀಟರ್ ಸಾಕು. ವಾರಗಟ್ಲೆ ಸಮುದ್ರದಲ್ಲಿರೋ ಟ್ರಾಲರಿಗೆ ಸಿಲಿಂಡರ್ ಇಟ್ರೆ ಮೀನಿಗೆ ಜಾಗ ಎಲ್ಲಿ? ಹೊಳೆ ದಾಟಿಸೋ ತಾರಿ ದೋಣಿ, ಬಂದರಿನೊಳಗೇ ಓಡಾಡೋ ಸಣ್ಣ ಬೋಟು, ಅಂಥದ್ದಕ್ಕೆ ಮೊದಲು ಬರ್ಬಹುದು. ಯಾರಾದ್ರೂ ಏಜೆಂಟ್ ಬಂದು ಬುಕ್ಕಿಂಗ್ ಹಣ ಕೇಳಿದ್ರೆ ಮೂರು ಮಾತು ಕೇಳಿ. ಉಪ್ಪುಗಾಳಿಯಲ್ಲಿ ಸ್ಟ್ಯಾಕ್ (ಸೆಲ್ಲುಗಳ ಕಟ್ಟು) ಎಷ್ಟು ಗಂಟೆಯ ಗ್ಯಾರಂಟಿ, ಗಾಳಿ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ಬದಲಿಸ್ಬೇಕು, ಹೈಡ್ರೋಜನ್ ಎಲ್ಲಿಂದ ತಂದು ತುಂಬ್ಸೋದು. ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ರೆ ಆ ಕಾಗದ ನಂಗೆ ಕಳ್ಸಿ, ನೋಡಿ ಹೇಳ್ತೇನೆ.